ಟ್ವೆಟನ್‌ನ ಡಬ್ಬಿ ಸುಮ್ಮನಾದದ್ದು

ಮೌನ ಪ್ರಾರ್ಥನೆಯ ನಡುವೆ ಧ್ವನಿವರ್ಧಕ ಗುಂಯ್‌ಗುಡುವುದು ಆ ಚರ್ಚಿಗೆ ಹೊಸದಲ್ಲ. ಆದರೆ ಆ ಭಾನುವಾರ ಬೆಳಿಗ್ಗೆ ಅಜ್ಜಿಯೊಬ್ಬಳು ಅದನ್ನು ಜೇನುನೊಣವೆಂದು ತಿಳಿದು, ಮುಂದಿನ ಸಾಲಿನ ಬೋಳುತಲೆಗೆ ಹಾಡಿನ ಪುಸ್ತಕದಿಂದ ಬಾರಿಸಿಬಿಟ್ಟಳು. ಆ ತಲೆ ಪಾದ್ರಿಗಳ ಮಾವನದು.

ಆರಾಧನೆ ಮುಗಿಸಿ ಪಾದ್ರಿ ಇಂಗ್‌ವಾಲ್ಡರು ಹಿಂದಿನ ಕುರ್ಚಿಯ ಬಳಿಗೆ ನಗುತ್ತಲೇ ಬಂದರು. ಅಮೆರಿಕದ ನಾರ್ತ್ ಡಕೋಟದಲ್ಲಿ ನಗುತ್ತ ಆಡಿದ ಮಾತಿಗೇ ಹೆದರಬೇಕು.

“ವರ್ಲಿನ್, ಆ ಮೈಕಿನ ಡಬ್ಬಿ ನೀನೇ ಕೈಯಾರೆ ಮಾಡಿದ್ದು, ಗೊತ್ತು. ಆದರೆ ಸಂಜೆ ಆರಾಧನೆಗೂ ಹೀಗೇ ಆದರೆ ನಿನ್ನ ಕುರ್ಚಿ ಮಿಲ್ಫರ್ಡಿಗೆ ಕೊಡೋದು ಅಂತಿದ್ದೀನಿ.”

ವರ್ಲಿನ್ ಟ್ವೆಟನ್ ಡಬ್ಬಿಯ ತಂತಿಗಳನ್ನು ಕಿತ್ತು ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಮೈಕು ನೋಡಿಕೊಳ್ಳುವವನ ಕುರ್ಚಿ ಎಲ್ಲರಿಗಿಂತ ಹಿಂದೆ. ಅಲ್ಲಿ ಕೂತವನನ್ನು ಯಾರೂ ನೋಡುವುದಿಲ್ಲ, ಎದ್ದು ಹಾಡು ಎನ್ನುವುದಿಲ್ಲ. ನಾಲ್ಕು ಜನರೆದುರು ನಿಲ್ಲಲು ನಡುಗುವ ಅವನಿಗೆ ಭೂಮಿಯ ಮೇಲೆ ಅದೊಂದೇ ನೆಮ್ಮದಿಯ ಜಾಗ.

ಮನೆಗೆ ಬಂದು ಡಬ್ಬಿ ಬಿಚ್ಚುತ್ತಿದ್ದಂತೆ ಪಕ್ಕದ ಮನೆಯ ಮಿಲ್ಫರ್ಡನೇ ಹಾಜರಾದ, ಕೈಯಲ್ಲಿ ಬೆಣ್ಣೆ ಸವರಿದ ರೊಟ್ಟಿ.

“ಏನಯ್ಯಾ ಇದಕ್ಕೆ ರೋಗ?”

“ಮೈಕಿನ ದನಿ ಎರಡು ತಂತೀಲಿ ಬರುತ್ತೆ. ಒಂದರಲ್ಲಿ ನೆಟ್ಟಗೆ, ಇನ್ನೊಂದರಲ್ಲಿ ತಲೆಕೆಳಗೆ. ದಾರೀಲಿ ಅಂಟಿಕೊಳ್ಳೋ ಗುಂಯ್ ಮಾತ್ರ ಎರಡರಲ್ಲೂ ಒಂದೇ ಥರ. ಒಂದರಿಂದ ಇನ್ನೊಂದನ್ನ ಕಳೆದರೆ ಗುಂಯ್ ಸೊನ್ನೆ, ದನಿ ಉಳಿಯುತ್ತೆ. ಆದರೆ ಎರಡೂ ಕಡೆ ರೆಸಿಸ್ಟರು ಸಮ ಇರಬೇಕು.”

“ಅಷ್ಟೇನಾ?” ಮಿಲ್ಫರ್ಡ್ ಓಡಿಹೋಗಿ ಅಡುಗೆಮನೆಯ ತಕ್ಕಡಿ ತಂದ. ಅಕ್ಕಿಕಾಳಿನಷ್ಟಿದ್ದ ರೆಸಿಸ್ಟರುಗಳನ್ನು ಒಂದೊಂದಾಗಿ ಇಟ್ಟ. ಮುಳ್ಳು ಮಿಸುಕಲಿಲ್ಲ. “ನೋಡು, ಎಲ್ಲಾ ಸಮ.”

“ತೂಕ ಅಲ್ಲ ಮಾರಾಯ. ಕರೆಂಟಿಗೆ ಎಷ್ಟು ಅಡ್ಡ ನಿಲ್ಲುತ್ತೆ ಅನ್ನೋದು.”

“ಅಡ್ಡ ನಿಲ್ಲೋದು ನನಗೂ ಬರುತ್ತೆ,” ಎನ್ನುತ್ತ ಅವನು ಸರಿಯಾಗಿ ದೀಪಕ್ಕೆ ಅಡ್ಡ ನಿಂತ. ಸುಮ್ಮನಿರಲಾರದೆ ರೆಸಿಸ್ಟರಿನ ಎರಡೂ ತಂತಿಕಾಲುಗಳನ್ನು ಬೆಣ್ಣೆಗೈಯಲ್ಲಿ, ಆ ಅಡ್ಡಿ ಅಳೆಯುವ ಮೀಟರಿಗೆ ಅದುಮಿ ಹಿಡಿದ. ಅಂಕಿಗಳು ಬಿಸಿ ಕಾವಲಿಯ ಮೇಲಿನ ನೀರಿನಂತೆ ಕುಣಿದವು.

“ಬೆರಳು ತೆಗಿಯೋ. ಮೀಟರು ನಿನ್ನನ್ನೂ ಸೇರಿಸಿ ಅಳೀತಿದೆ.”

“ಹೌದಾ? ನಾನು ಎಷ್ಟು ಬಂದೆ?”

ಅವನನ್ನು ಕಾಫಿ ಕಾಯಿಸಲು ಅಟ್ಟಿ, ವರ್ಲಿನ್ ಒಂದೊಂದನ್ನೂ ಮೇಜಿನ ಮೇಲಿಟ್ಟು ಅಳೆದ. ಅಳತೆ ತೋರಿಸುವ ಪಟ್ಟೆಗಳ ಬಣ್ಣ ಒಂದೇ ಇದ್ದರೂ ಎರಡು ರೆಸಿಸ್ಟರು ಸಮನಾಗಿ ಬರಲಿಲ್ಲ. ಕೊನೆಗೆ ಅವಳಿಜವಳಿಯಂಥ ಜೋಡಿಗಳು ಸಿಕ್ಕವು. ಹೆಬ್ಬೆರಳು ಸುಟ್ಟುಕೊಂಡು ಬೆಸೆದ.

ಸಂಜೆ ಮೈಕು ಹಚ್ಚಿದಾಗ ಪಿಸುಗುಡುವ ಸದ್ದೂ ಇರಲಿಲ್ಲ. ಆ ಮೌನದಲ್ಲಿ ದೇವರೇ ಪಕ್ಕದಲ್ಲಿ ಬಂದು ಕೂತಂತೆನಿಸಿ ವರ್ಲಿನ್‌ನ ಕಣ್ಣು ತುಂಬಿತು. ಪಾದ್ರಿಗಳು ದೂರದಿಂದಲೇ ತಲೆದೂಗಿದರು.

ಹಾಡಿನ ಮೇಳದ ಮುಖ್ಯಸ್ಥೆ ಸೋಲ್ವೇಗ್ ಕೈಯೆತ್ತಿದಳು. ಮೇಳ ಬಾಯಿ ತೆರೆಯಿತು. ಒಬ್ಬೊಬ್ಬರದು ಒಂದೊಂದು ದಿಕ್ಕು. ಹಾಲು ಕರೆಯಲು ತಡವಾದ ಕೊಟ್ಟಿಗೆಯಂತಾಯಿತು ಚರ್ಚು.

ಸೋಲ್ವೇಗ್ ದಡದಡನೆ ಹಿಂದಕ್ಕೆ ಬಂದಳು. “ಆ ಗುಂಯ್ ಎಲ್ಲೋ?”

“ಹೋಯ್ತಲ್ಲ.”

“ಹೋಯ್ತಾ? ಇಷ್ಟು ವರ್ಷ ನಾವು ಶ್ರುತಿ ಹಿಡೀತಿದ್ದದ್ದೇ ಅದರಿಂದ ಕಣೋ.”

“ಪ್ರಾರ್ಥನೆಗೆ ಬೇಡ, ಹಾಡಿಗೆ ಬೇಕು,” ಪಾದ್ರಿಗಳು ನಗುತ್ತ ತೀರ್ಪು ಕೊಟ್ಟರು.

“ಬೇಕಾದಾಗ ಬಾ, ಬೇಡದಾಗ ಹೋಗು ಅಂದರೆ ಡಬ್ಬಿ ಕೇಳಲ್ಲ ಸ್ವಾಮಿ.”

“ಡಬ್ಬಿ ಕೇಳದಿದ್ದರೆ ಬಿಡು, ನೀನು ಕೇಳ್ತೀಯಲ್ಲ,” ಎನ್ನುತ್ತ ಸೋಲ್ವೇಗ್ ಅವನ ರಟ್ಟೆ ಹಿಡಿದಳು. “ಆ ಸದ್ದು ನಿನ್ನಷ್ಟು ಕೇಳಿದವರು ಇನ್ಯಾರಿದ್ದಾರೆ?”

ಎಲ್ಲರೆದುರು, ಮೈಕಿನ ಮುಂದೆ ನಿಂತು ವರ್ಲಿನ್ ತುಟಿ ಮುಚ್ಚಿ ‘ಗುಂಯ್’ ಎಂದ. ಮೇಳ ಜೇನಿನಂತೆ ಹಾಡಿತು. ಹಿಂದೆ ಖಾಲಿಬಿದ್ದ ಕುರ್ಚಿಯಲ್ಲಿ ಮಿಲ್ಫರ್ಡ್ ಕಾಲುಚಾಚಿ ಕೂತು, ಗುಂಡಿ ತಿರುಗಿಸಿ, ಅವನ ಸದ್ದನ್ನು ಇನ್ನಷ್ಟು ಏರಿಸಿದ.