ಟೈರಿಗೆ ತಣ್ಣೀರು ಪಟ್ಟಿ

ಬೇಸಿಗೆಯಲ್ಲಿ ಮನುಷ್ಯನ ಬುದ್ಧಿ ಎಷ್ಟು ಕೆಡುತ್ತದೆ ಎಂಬುದಕ್ಕೆ ಬೇರೆ ಊರಿನವರಿಗೆ ಪುರಾವೆ ಬೇಕಾಗಬಹುದು, ನಮ್ಮ ಆಳಂದದವರಿಗೆ ಬೇಡ. ಬಿಸಿಲು ಏರಿತೆಂದರೆ ನಾವು ಕುಡಿಯುವ ನೀರಿನ ಕೊಡಕ್ಕೆ ಒದ್ದೆ ಬಟ್ಟೆ ಸುತ್ತುತ್ತೇವೆ, ಕಿಟಕಿಗೆ ಒದ್ದೆ ಗೋಣಿಚೀಲ ಇಳಿಬಿಡುತ್ತೇವೆ, ಕೂಲರಿನ ಮುಂದಿನ ಜಾಗಕ್ಕಾಗಿ ಹೆತ್ತ ಮಕ್ಕಳ ಜೊತೆ ಜಗಳಕ್ಕೆ ನಿಲ್ಲುತ್ತೇವೆ. ತಣ್ಣಗಿಡುವ ಇಷ್ಟೆಲ್ಲ ವಿದ್ಯೆ ಗೊತ್ತಿದ್ದ ನಾನು, ಕಾರಿನ ನಾಲ್ಕು ಟೈರುಗಳನ್ನು ತಣ್ಣಗಿಡಲು ಹೋಗಿ ಮೂರು ತಾಲೂಕಿನ ಜನರ ಮುಂದೆ ನಗೆಪಾಟಲಾದ ಕಥೆಯನ್ನು ಈಗಲೇ ಹೇಳಿಬಿಡುತ್ತೇನೆ. ಬೇರೆಯವರು ಹೇಳಿದರೆ ಉಪ್ಪು ಖಾರ ಜಾಸ್ತಿ ಹಾಕುತ್ತಾರೆ.

ನಾನು ಆಳಂದದ ಒಂದು ತೊಗರಿಬೇಳೆ ಮಿಲ್ಲಿನಲ್ಲಿ ಮ್ಯಾನೇಜರ್. ಸುಗ್ಗಿ ಮುಗಿದು ಮಾಲು ಖಾಲಿಯಾದ ಮೇಲೆ, ತೊಗರಿ ಒಣಗಿಸುವ ನಮ್ಮ ಮಿಲ್ಲಿನ ದೊಡ್ಡ ಕಾಂಕ್ರೀಟ್ ಅಂಗಳ ಬೇಸಿಗೆಯಿಡೀ ಬಿಕೋ ಎನ್ನುತ್ತಿರುತ್ತದೆ. ಅದರ ಮೇಲೆ ಕಣ್ಣು ಹಾಕಿದವರು ಅಫಜಲಪುರದ ಹಲ್ಲಿನ ಡಾಕ್ಟರ್ ಸಲೀಂ. ಹಲ್ಲು ಕೀಳುವುದು ಅವರ ಹೊಟ್ಟೆಪಾಡು, ಕಾರು ಅವರ ಪ್ರಾಣ. ನಮ್ಮ ಮಿಲ್ಲಿನ ಸಾವ್ಕಾರರ ಹಲ್ಲು ನೋಡಲು ಬಂದವರು, ಅವರ ಬಾಯಿ ತೆರೆದಿದ್ದಾಗಲೇ ಅಂಗಳ ಕೇಳಿ, ಬೇಡ ಎನ್ನಲಾಗದ ಸ್ಥಿತಿಯಲ್ಲಿ ಒಪ್ಪಿಸಿಬಿಟ್ಟರು. ಹೀಗೆ ನಮ್ಮಲ್ಲಿ ಆಟೋಕ್ರಾಸ್ ಎಂಬ ಹುಚ್ಚು ಶುರುವಾಯಿತು. ಅಂಗಳದ ತುಂಬ ಕೇಸರಿ ಬಣ್ಣದ ಕೋನುಗಳನ್ನು ಇಡುತ್ತಾರೆ. ಒಂದು ಸಲಕ್ಕೆ ಒಂದೇ ಕಾರು. ಕೋನುಗಳ ನಡುವೆ ಹಾವಿನಂತೆ ಹೊರಳಿ, ಒಂದನ್ನೂ ಬೀಳಿಸದೆ, ಯಾರು ಬೇಗ ಮುಗಿಸುತ್ತಾರೋ ಅವರು ಗೆದ್ದಂತೆ. ಹೇಳಲು ಇಷ್ಟೇ. ಆದರೆ ಸ್ಟೀರಿಂಗ್ ಹಿಡಿದು ಕೂತು, ಡಾಕ್ಟರ್ ಸಾಹೇಬರ ಕೈಯ ಬಾವುಟ ಕೆಳಗಿಳಿಯುವುದನ್ನು ಕಾಯುವ ಆ ಗಳಿಗೆ ಇದೆಯಲ್ಲ, ನನ್ನ ಮದುವೆಯಲ್ಲಿ ಅಕ್ಕಿಕಾಳು ಬೀಳುವಾಗಲೂ ಎದೆ ಅಷ್ಟು ಹೊಡೆದುಕೊಂಡಿರಲಿಲ್ಲ. ಈ ಮಾತನ್ನು ಹೆಂಡತಿಯ ಎದುರಿಗೇ ಹೇಳಿದ್ದೇನೆ. ಅವಳು ತನಗೂ ಹಾಗೇ ಅನ್ನಿಸುತ್ತದೆ ಎಂದಳು.

ಹೌದು, ಅವಳೂ ಓಡಿಸುತ್ತಾಳೆ. ನಮ್ಮ ತಾಪತ್ರಯದ ಬೇರು ಇರುವುದೇ ಅಲ್ಲಿ. ಮನೆಯಲ್ಲಿರುವುದು ಒಂದೇ ಹಳೆಯ ಬಿಳಿ ಕಾರು, ಸ್ಪರ್ಧಿಗಳು ಇಬ್ಬರು. ಉಳಿದವರು ಓಡಿಸಿದ ಮೇಲೆ ಕಾರನ್ನು ಬೇವಿನ ನೆರಳಿಗೆ ನಿಲ್ಲಿಸಿ ಚಹಾ ಕುಡಿಯುತ್ತಾರೆ, ಅಷ್ಟರಲ್ಲಿ ಟೈರು ಆರುತ್ತದೆ. ನಮ್ಮದಕ್ಕೆ ಆ ಭಾಗ್ಯವಿಲ್ಲ. ಒಬ್ಬರು ಇಳಿಯುತ್ತಿದ್ದಂತೆ ಇನ್ನೊಬ್ಬರು ಹತ್ತಬೇಕು. ಟೈರು ಬೆಚ್ಚಗಿದ್ದರೆ ನೆಲವನ್ನು ಚೆನ್ನಾಗಿ ಹಿಡಿಯುತ್ತದೆ, ಸುಡುವಷ್ಟು ಕಾದರೆ ಮೆತ್ತಗಾಗಿ ಜಾರುತ್ತದೆ. ನಮ್ಮ ಬಿಸಿಲಲ್ಲಿ, ನಮ್ಮ ಕಾಂಕ್ರೀಟಿನ ಮೇಲೆ ಅದು ಕಾಯಲು ಎಷ್ಟು ಹೊತ್ತು ಬೇಕು? ಹೀಗಾಗಿ ಎರಡನೆಯವರ ಪಾಡು ಹೇಳತೀರದು. ಆ ಎರಡನೆಯವನು ಯಾವಾಗಲೂ ನಾನೇ. ಲೇಡೀಸ್ ಫಸ್ಟ್ ಎಂದು ಮೊದಲ ವರ್ಷ ದೊಡ್ಡಸ್ತಿಕೆ ತೋರಿಸಿದ್ದು ನಾನೇ ಆದ್ದರಿಂದ ಆಮೇಲೆ ಬದಲಿಸಲು ಬಾಯಿ ಬರಲಿಲ್ಲ.

ನನ್ನ ಹೆಂಡತಿ ಮಹಾದೇವಿ ನಿಂಬರ್ಗಾದ ಆಸ್ಪತ್ರೆಯಲ್ಲಿ ನರ್ಸು. ದಿನಾ ಅದೇ ಕಾರಿನಲ್ಲಿ ಹೋಗಿಬರುತ್ತಾಳೆ. ಸುಗ್ಗಿಯ ಕಾಲಕ್ಕೆ ಆ ದಾರಿ ನೋಡಬೇಕು ನೀವು. ಅರ್ಧ ರಸ್ತೆಗೆ ಜೋಳ ಹರವಿರುತ್ತಾರೆ, ಅದು ಚೆಲ್ಲಾಪಿಲ್ಲಿ ಆಗದಿರಲೆಂದು ಸುತ್ತ ಕಲ್ಲು ಇಟ್ಟಿರುತ್ತಾರೆ, ಉಳಿದರ್ಧದಲ್ಲಿ ಗುಂಡಿ, ಎಮ್ಮೆ, ಎದುರಿಗೆ ಟ್ರ್ಯಾಕ್ಟರು. ಕಾಳು ತುಳಿಯದೆ, ಕಲ್ಲು ತಾಗಿಸದೆ, ಹೊತ್ತಿಗೆ ಸರಿಯಾಗಿ ಡ್ಯೂಟಿಗೆ ಮುಟ್ಟುತ್ತಾಳೆ. ಇದನ್ನು ನಾನು ಆಗಲೇ ಯೋಚಿಸಬೇಕಿತ್ತು. ಆದರೆ ಅವಳ ಟೈಮು ನನ್ನದಕ್ಕಿಂತ ಕಡಿಮೆ ಬಂದಾಗಲೆಲ್ಲ ನಾನು ಯೋಚಿಸುತ್ತಿದ್ದುದು ಟೈರಿನ ಬಗ್ಗೆ ಮಾತ್ರ.

ಈ ವರ್ಷ ವಿಷಯ ಗಂಭೀರವಾಯಿತು. ಹೈದರಾಬಾದಿನಲ್ಲಿ ದೊಡ್ಡ ಸ್ಪರ್ಧೆ ನಡೆಯಲಿದೆ, ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಿಂದ ಒಬ್ಬೊಬ್ಬರನ್ನು ಕಳಿಸೋಣ ಎಂದು ಡಾಕ್ಟರ್ ಸಲೀಂ ಸಾರಿದರು. ಆಳಂದದಿಂದ ಇದ್ದವರು ನಾವು ಗಂಡ ಹೆಂಡತಿ ಇಬ್ಬರೇ. ನನಗೆ ಹೋಗಲೇಬೇಕಿತ್ತು. ಎಷ್ಟು ಹೋಗಬೇಕಿತ್ತೆಂದರೆ, ಸ್ಪರ್ಧೆಗೆ ಮೊದಲೇ ಮಿಲ್ಲಿನ ಹಮಾಲರಿಂದ ಹಿಡಿದು ಚಹಾದ ಅಂಗಡಿಯವನವರೆಗೆ ಎಲ್ಲರಿಗೂ ಹೈದರಾಬಾದಿನಿಂದ ಏನು ತರಲಿ ಎಂದು ಕೇಳಿಯಾಗಿತ್ತು. ಕೆಂಪು ಹೆಲ್ಮೆಟ್ಟು ತರಿಸಿ, ಅದರ ಮೇಲೆ ಬಿಳಿ ಅಕ್ಷರದಲ್ಲಿ ‘ಶರಣು, ಆಳಂದ’ ಎಂದು ನನ್ನ ಹೆಸರು ಬರೆಸಿಯೂ ಆಗಿತ್ತು. ಹೆಸರಿನ ಮುಂದೆ ಒಂದು ಜ್ವಾಲೆಯ ಚಿತ್ರ ಬೇರೆ.

ಆ ಭಾನುವಾರ ಬೆಳಿಗ್ಗೆಯೇ ಬಿಸಿಲು ಅಂಗಳವನ್ನು ರೊಟ್ಟಿ ಹಂಚು ಮಾಡಿಟ್ಟಿತ್ತು. ಮೊದಲ ಸುತ್ತಿನಲ್ಲಿ ಎಂದಿನಂತೆ ಮಹಾದೇವಿ ಮುಂದೆ, ನಾನು ಹಿಂದೆ. ಕೊನೆಯ ತಿರುವಿನಲ್ಲಿ ಹಿಂದಿನ ಟೈರು ಸರ್ರನೆ ಜಾರಿ, ಕಣ್ಣು ಪಿಳುಕಿಸುವಷ್ಟು ಅಂತರದಲ್ಲಿ ಅವಳಿಗಿಂತ ಹಿಂದೆ ಬಿದ್ದೆ. ಇಳಿದವನೇ ಟೈರಿನ ಮೇಲೆ ಡಾಕ್ಟರ್ ಸಾಹೇಬರ ಕೈ ಇಡಿಸಿದೆ. ಅವರು ಚುರ್ ಎಂದು ಕೈ ಹಿಂದೆಳೆದುಕೊಂಡರು. ಬಿಸಿ ಟೈರು ಕೊಟ್ಟು ಓಡಿಸು ಎನ್ನುವುದು ಯಾವ ನ್ಯಾಯ ಎಂದು ಕೂಗಾಡಿದೆ. ಮಹಾದೇವಿ ಅಲ್ಲೇ ಇದ್ದಳು. ಜ್ವರದವರ ಹಣೆ ಮುಟ್ಟುವಂತೆ ಬೆರಳ ಹಿಂಬದಿಯಿಂದ ಟೈರು ಮುಟ್ಟಿ ನೋಡಿದಳು.

“ಅದಕ್ಯಾಕ ಇಷ್ಟು ಸಿಟ್ಟು ಮಾಡ್ಕೋತೀರಿ? ಎರಡನೇ ಸುತ್ತಿಗೆ ನೀವೇ ಮೊದಲ ಹೋಗ್ರಿ. ನಾ ಆಮೇಲೆ ಹೋಗ್ತೇನಿ” ಎಂದಳು.

ಡಾಕ್ಟರ್ ಸಾಹೇಬರು ಒಪ್ಪಿದರು. ಇದೇ ಕೊನೆಯ ಸುತ್ತು, ಇದರಲ್ಲಿ ಬಂದ ಟೈಮೇ ಲೆಕ್ಕಕ್ಕೆ ಎಂದೂ ಹೇಳಿಬಿಟ್ಟರು. ನನಗೆ ಹಾಲು ಅನ್ನ ಉಂಡಷ್ಟು ಖುಷಿ. ಉಳಿದವರ ಓಟ ಮುಗಿಯುವುದರೊಳಗೆ ಟೈರು ತಣ್ಣಗಾಗಿಬಿಟ್ಟರೆ ಹೈದರಾಬಾದು ನನ್ನ ಕಿಸೆಯಲ್ಲಿ.

ಜೇವರ್ಗಿಯವರು ಹೊಲಕ್ಕೆ ಔಷಧ ಹೊಡೆಯುವ ಹೊಸ ಪಂಪನ್ನು ಬೆನ್ನಿಗೆ ಕಟ್ಟಿಕೊಂಡು, ಅದರಲ್ಲಿ ಬರಿ ನೀರು ತುಂಬಿ ತಮ್ಮ ಟೈರಿಗೆ ಸಿಂಪಡಿಸುತ್ತಿದ್ದರು. ಬೇಕಾದರೆ ತಗೊಳ್ಳಿ ಎಂದು ನನಗೂ ಕೊಡಲು ಬಂದರು. ನಾನು ನಕ್ಕೆ. ಈ ಬಿಸಿಲಲ್ಲಿ ಹನಿ ನೀರು ಎಷ್ಟು ಹೊತ್ತು ನಿಂತೀತು? ಕೊಡ ತಣ್ಣಗಿರುವುದು ಸಿಂಪಡಿಸುವುದರಿಂದಲೋ, ಒದ್ದೆ ಬಟ್ಟೆ ಸುತ್ತುವುದರಿಂದಲೋ? ಹೀಗೆಂದು ಅಲ್ಲಿದ್ದವರಿಗೆ ಒಂದು ಸಣ್ಣ ಭಾಷಣ ಮಾಡಿ, ನೇರ ನನ್ನದೇ ಗೋದಾಮಿಗೆ ಹೋಗಿ, ಖಾಲಿ ಗೋಣಿಚೀಲಗಳನ್ನು ಎಳೆದು ತಂದೆ. ನೀರಿನ ಹೌದಿನಲ್ಲಿ ಅದ್ದಿದೆ. ಪ್ರತಿ ಟೈರಿನ ಕೆಳಗೊಂದು ಹಾಸಿ, ಮೇಲೊಂದು ಬಿಗಿಯಾಗಿ ಸುತ್ತಿದೆ. ಚೀಲದಿಂದ ಹಬೆ ಎದ್ದಾಗ ಬಾಣಂತಿಗೆ ಎರೆಯುವವರಷ್ಟು ಭಕ್ತಿಯಿಂದ ಮತ್ತೆ ಮತ್ತೆ ನೀರು ಹೊಯ್ದೆ. ಮಹಾದೇವಿ ಬಂದು ಮೂಗು ಅರಳಿಸಿ, ಇದು ಯಾವ ಚೀಲ ಎಂದು ಕೇಳಿದಳು. ಮಿಲ್ಲಿನ ವಿಷಯ ಮ್ಯಾನೇಜರಿಗೆ ಗೊತ್ತಿರುತ್ತದೆ, ನೀನು ನಿನ್ನ ಪೇಷಂಟುಗಳನ್ನು ನೋಡಿಕೋ ಎಂದೆ.

ನನ್ನ ಸರದಿ ಬಂತು. ಚೀಲ ಬಿಚ್ಚಿ ಟೈರು ಮುಟ್ಟಿದೆ. ತಂಪೆಂದರೆ ತಂಪು. ಹೆಲ್ಮೆಟ್ಟು ಏರಿಸಿ, ಕೂತು, ಬಾವುಟ ಇಳಿದದ್ದೇ ತಡ, ಕಾಲು ಒತ್ತಿದೆ. ಆಹಾ, ಏನು ಹೊರಟಿತು ಕಾರು. ಮೊದಲ ಕೋನಿನ ಹತ್ತಿರ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದೆ. ಸ್ಟೀರಿಂಗು ತಿರುಗಿತು, ಗಾಲಿಯೂ ತಿರುಗಿತು, ಕಾರು ಮಾತ್ರ ನೆಟ್ಟಗೆ ಹೋಯಿತು. ಒಂದು ಕೋನು ಹಾರಿತು, ಇನ್ನೊಂದು ಬಾನೆಟ್ಟಿನ ಮೇಲೆ ಕೂತಿತು. ಗಾಬರಿಯಿಂದ ಬ್ರೇಕು ಒತ್ತಿದೆ. ಆಳಂದದ ಮಿಲ್ಲು, ಬೇವಿನ ಮರ, ಜನ, ಡಾಕ್ಟರ್ ಸಾಹೇಬರು, ಮತ್ತೆ ಮಿಲ್ಲು, ಮತ್ತೆ ಬೇವಿನ ಮರ ಕಣ್ಣ ಮುಂದೆ ಗಿರಗಿರನೆ ಹಾದುಹೋದವು. ಟೈರುಗಳಿಂದ ಹೊಗೆ ಎದ್ದಿತು. ಆ ಹೊಗೆಯ ಜೊತೆ ಅಂಗಳದ ತುಂಬ ಘಮ್ಮೆಂದು ಒಗ್ಗರಣೆಯ ವಾಸನೆ.

ಜನರೆಲ್ಲ ಅಡುಗೆಗೆಂದು ಹಾಕಿದ್ದ ಪೆಂಡಾಲಿನ ಕಡೆ ತಿರುಗಿ ನೋಡಿದರು. ಊಟಕ್ಕೆ ಕರೆದರೇನೋ ಎಂದು ಕೆಲವರು ಎದ್ದೂ ನಿಂತರು. ಒಲೆ ಇನ್ನೂ ಹಚ್ಚಿರಲಿಲ್ಲ. ಆಗ ನನ್ನ ತಲೆಯೊಳಗೆ ಬೆಳಕು ಬಿತ್ತು. ತೊಗರಿಯ ಸಿಪ್ಪೆ ಸಲೀಸಾಗಿ ಬಿಡಲೆಂದು ಬೇಳೆ ಒಡೆಯುವ ಮೊದಲು ನಾವು ಕಾಳಿಗೆ ಎಣ್ಣೆ ಸವರುತ್ತೇವೆ. ಆ ಎಣ್ಣೆ ಸವರಿದ ತೊಗರಿ ತುಂಬಿಟ್ಟಿದ್ದ ಚೀಲಗಳವು. ವರ್ಷಗಟ್ಟಲೆ ಎಣ್ಣೆ ಕುಡಿದಿದ್ದವು. ಎಣ್ಣೆ ಸವರಲು ದಿನಾ ಹುಕುಂ ಕೊಡುವ ಮ್ಯಾನೇಜರನೇ ಕೈಯಾರೆ ತನ್ನ ಟೈರಿಗೆ ಅಭ್ಯಂಜನ ಮಾಡಿಸಿದ್ದ.

“ಮ್ಯಾನೇಜರ್ ಸಾಹೇಬ್ರ, ಬ್ಯಾಳಿ ಕುದ್ದದೇನ್ರಿ?” ಎಂದು ಡಾಕ್ಟರ್ ಸಲೀಂ ಗಡಿಯಾರ ಹಿಡಿದೇ ಕೇಳಿದರು. ನಗು ತಡೆಯಲಾಗದೆ ಪಾಪ ಬಾವುಟದಿಂದ ಬಾಯಿ ಮುಚ್ಚಿಕೊಂಡರು.

ಬಿದ್ದೆದ್ದು ಹೇಗೋ ಓಟ ಮುಗಿಸಿ ಇಳಿದೆ. ಮಹಾದೇವಿ ಕೈಚಾಚಿ ಹೆಲ್ಮೆಟ್ಟು ಇಸಿದುಕೊಂಡು, ತುರುಬು ಬಿಚ್ಚಿ ಜಡೆ ಹಿಂದೆ ಬಿಟ್ಟು ಹಾಕಿಕೊಂಡಳು. ಟೈರು ಕೆಂಡ. ನಿಜ ಹೇಳುತ್ತೇನೆ, ಅವಳೂ ಜಾರಲಿ ಎಂದು ಅರೆಗಳಿಗೆ ಅನ್ನಿಸಿತು. ಬಾವುಟ ಇಳಿಯಿತು. ಅವಳು ಹೊರಟ ರೀತಿ ನೋಡಿ ಆ ಯೋಚನೆ ಎಲ್ಲಿ ಹೋಯಿತೋ. ಸ್ಟೀರಿಂಗನ್ನು ಬೆಣ್ಣೆ ಉಂಡೆ ಮಾಡುವಂತೆ ಮೆಲ್ಲಗೆ ತಿರುಗಿಸುತ್ತಿದ್ದಳು. ಎಲ್ಲೂ ಎಳೆದಾಟವಿಲ್ಲ, ಎಲ್ಲೂ ಬ್ರೇಕಿನ ಕಿರುಚಾಟವಿಲ್ಲ. ಇಲ್ಲಿ ಜೋಳದ ರಾಶಿ, ಅಲ್ಲಿ ಕಲ್ಲು, ಈಗ ಎಮ್ಮೆ, ಈಗ ಟ್ರ್ಯಾಕ್ಟರು ಎಂದು ನನಗೆ ನಿಂಬರ್ಗಾದ ದಾರಿಯೇ ಕಾಣತೊಡಗಿತು. ನಾನು ಕುರ್ಚಿಯ ಮೇಲೆ ಹತ್ತಿ ನಿಂತಿದ್ದೆ. ಯಾವಾಗ ಹತ್ತಿದೆನೋ ಗೊತ್ತಿಲ್ಲ. ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಕೊನೆಯ ತಿರುವಿನಲ್ಲಿ ಹಿಂದಿನ ಗಾಲಿ ಕೊಂಚ ಸರಿಯಿತು. ಉಸಿರು ಬಿಗಿಹಿಡಿದೆ. ಅವಳು ಕಾಲು ಸಡಿಲಿಸಿ, ಕಾರನ್ನು ತಾನೇ ಸಂಭಾಳಿಸಿಕೊಳ್ಳಲು ಬಿಟ್ಟು, ಒಂದು ಕೋನನ್ನೂ ಅಲುಗಿಸದೆ ಗೆರೆ ದಾಟಿದಳು. ಇಡೀ ದಿನದ ಅತಿ ಕಡಿಮೆ ಟೈಮು. ಮೂರೂ ತಾಲೂಕಿಗೆ ಮೊದಲು.

ಸೀಟಿ, ಚಪ್ಪಾಳೆ, ಕುರ್ಚಿ ಬೀಳುವ ಸದ್ದು. ನಾನು ಓಡಿಹೋಗಿ ಕಾರಿನ ಬಾಗಿಲು ತೆಗೆದೆ. ಎಣ್ಣೆಯನ್ನೆಲ್ಲ ಗಿರಗಿರ ತಿರುಗಿ ಸುಟ್ಟು ಟೈರು ಶುದ್ಧ ಮಾಡಿಕೊಟ್ಟವನು ನಾನು, ಅದಕ್ಕೇ ನೀನು ಗೆದ್ದೆ ಎಂದು ಹೇಳಿ ನೋಡಿದೆ. ಹೌದು ಎಂದು ಒಪ್ಪಿಕೊಂಡಳು. ಅದರಿಂದ ನನಗೆ ಇನ್ನಷ್ಟು ಅವಮಾನವಾಯಿತು.

ಈಗ ಹೈದರಾಬಾದಿಗೆ ತಯಾರಿ ಜೋರಾಗಿದೆ. ಹೆಲ್ಮೆಟ್ಟಿನ ಮೇಲಿನ ‘ಶರಣು’ ಹಾಗೇ ಇರಲಿ, ಅದೃಷ್ಟದ್ದು ಎಂದಿದ್ದಾಳೆ. ನಾನೂ ಹೋಗುತ್ತಿದ್ದೇನೆ. ಯಾರ್ಯಾರು ಬರುತ್ತೀರಿ ಎಂದು ಡಾಕ್ಟರ್ ಸಾಹೇಬರು ಫೋನಿನಲ್ಲಿ ಕೇಳಿದಾಗ, ಗಾಡಿ ನಾ ಹೊಡಿತೇನಿ, ಗಾಲಿ ತಣ್ಣಗ ಮಾಡೋದು ನಮ್ಮ ಮನಿಯವರದು ಎಂದು ಕೆಲಸ ಹಂಚಿಬಿಟ್ಟಳು. ಮನೆಯ ಹಳೆಯ ಹತ್ತಿ ಪಂಚೆಗಳನ್ನು ಸೀಗೆಪುಡಿ ಹಾಕಿ ಒಗೆದು, ಮೂಸಿ ನೋಡಿ, ಆಮೇಲೆ ಬಳಸಬೇಕೆಂದು ಕಟ್ಟಪ್ಪಣೆ. ಮೊನ್ನೆ ಅಂಗಳದಲ್ಲಿ ಅಭ್ಯಾಸ ನಡೆಸುವಾಗ ನಾನು ನಾಲ್ಕೂ ಟೈರಿಗೆ ಒದ್ದೆ ಪಂಚೆ ಹೊದಿಸಿ, ಕೋನಿಗೆ ಹತ್ತಿರ ಹೋಗು, ಬೇಗ ತಿರುಗಿಸು, ನನ್ನ ಮಾತು ಯಾರು ಕೇಳುತ್ತಾರೆ ಎಂದು ಅವಳಿಗೆ ಬುದ್ಧಿ ಹೇಳುತ್ತಲೇ ಇದ್ದೆ. ಅವಳು ಒಂದೊಂದೇ ಟೈರು ಮುಟ್ಟಿ ನೋಡಿ, ಇವು ಆರಿದವು ಎಂದಳು. ಆಮೇಲೆ ಬೆರಳ ಹಿಂಬದಿಯಿಂದ ನನ್ನ ಹಣೆ ಮುಟ್ಟಿದಳು.

“ಇದಿನ್ನೂ ಕಾದದ. ನೆರಳಾಗ ಕುಂದರ್ರಿ” ಎಂದು, ಟೈರಿನ ಮೇಲಿದ್ದ ಒಂದು ಒದ್ದೆ ಪಂಚೆಯನ್ನು ತೆಗೆದು ಹಿಂಡಿ ನನ್ನ ತಲೆಯ ಮೇಲೆ ಹೊದಿಸಿ, ಕಾರು ಹತ್ತಿ ಹೊರಟುಹೋದಳು.

ಬೇವಿನ ಕೆಳಗೆ ಕೂತೆ. ಬಹಳ ತಂಪಾಗಿತ್ತು.