ಕಸವೆಂದು ತೀರ್ಮಾನವಾದ ತಮ್ಮ ಬಾದಾಮಿ ಎಲೆಗಳ ವಾಪಸಾತಿ ಕುರಿತು

ನಮ್ಮ ಬೀದಿಯ ಸ್ವಚ್ಛತಾ ಸಮಿತಿಯ ಅಧ್ಯಕ್ಷರ ದಿವ್ಯ ಸಮ್ಮುಖಕ್ಕೆ,

ಮಾನ್ಯರೇ,

ತಮ್ಮ ಆರೋಗ್ಯ, ತಮ್ಮ ಕಾರಿನ ಹೊಳಪು ಮತ್ತು ತಮ್ಮ ಅಂಗಳದ ಪ್ಲಾಸ್ಟಿಕ್ ಹುಲ್ಲಿನ ಬಣ್ಣ ಎಂದೆಂದಿಗೂ ಮಾಸದಿರಲಿ ಎಂದು ಹಾರೈಸುತ್ತ, ತಮ್ಮ ಎದುರು ಮನೆಯ ದರ್ಜಿ ಹೆಂಗಸಿನ ಸೋದರಳಿಯನಾದ ನಾನು, ಎರಡೂ ಕೈ ಜೋಡಿಸಿ, ಆದ್ದರಿಂದ ಸ್ವಲ್ಪ ಕಷ್ಟಪಟ್ಟು, ಈ ಪತ್ರವನ್ನು ಬರೆಯುತ್ತಿದ್ದೇನೆ.

ಕಳೆದ ಭಾನುವಾರ ತಾವು ಸಮಿತಿಯನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು ನಮ್ಮ ಗೇಟಿನೊಳಗೆ ದಯಮಾಡಿಸಿ, ಅತ್ತೆಯ ತೋಟ ಕಂಡೊಡನೆ ಮೂಗಿಗೆ ಕರವಸ್ತ್ರ ಹಿಡಿದಿರಿ. ಹಿಡಿಯಬೇಕಾದದ್ದೇ. ಅಲ್ಲಿ ಅಗೆದ ಪಾತಿಯಿಲ್ಲ, ಶಿಸ್ತಾಗಿ ಸಾಲುಗಟ್ಟಿದ ಗಿಡವಿಲ್ಲ. ಪಪ್ಪಾಯಿಯ ನೆರಳಿನಲ್ಲಿ ಶುಂಠಿ, ಜೋಳದ ದಂಟನ್ನು ಅಪ್ಪಿಕೊಂಡ ಹುರುಳಿಕಾಯಿ, ಬುಡದಲ್ಲಿ ಕಾಲು ಚಾಚಿ ಮಲಗಿದ ಗೆಣಸಿನ ಬಳ್ಳಿ, ಎಲ್ಲಕ್ಕೂ ಕೆಳಗೆ ಒಣ ಎಲೆಗಳ ದಪ್ಪ ಹೊದಿಕೆ. ಕಾಡಿನ ಕ್ರಮವನ್ನೇ ಅನುಸರಿಸುವ ಈ ಬೇಸಾಯಕ್ಕೆ ಪರ್ಮಾಕಲ್ಚರ್ ಎಂಬ ಹೆಸರಿದೆಯೆಂದು ನಾನು ವಿವರಿಸಹೊರಟಾಗ ತಾವು "ಹೆಸರಿಟ್ಟ ಮಾತ್ರಕ್ಕೆ ತಿಪ್ಪೆ ತೋಟ ಆಗಲ್ಲಪ್ಪ" ಎಂದು ಅಪ್ಪಣೆ ಕೊಡಿಸಿದಿರಿ. ಅತ್ತೆಯವರು ಬಟ್ಟೆ ಹೊಲಿಯುವವರು ನೋಡಿ, ಮಣ್ಣಾದರೂ ಸರಿ, ಮೈಮೇಲೆ ಏನೂ ಇಲ್ಲದೆ ಬಿಸಿಲಿಗೆ ಬಿದ್ದಿರುವುದನ್ನು ಅವರ ಕಣ್ಣು ಸಹಿಸದು.

ತಮ್ಮಂಥವರಿಗೆ ಗೊತ್ತಿರಬೇಕಾದ ವಿಷಯವಲ್ಲ, ಆದರೂ ಹೇಳುತ್ತೇನೆ. ಆ ಜಾಗದಲ್ಲಿ ಮೊದಲು ಮಣ್ಣೇ ಇರಲಿಲ್ಲ. ಮನೆ ಕಟ್ಟಿದವರು ಬಿಟ್ಟುಹೋದ ಇಟ್ಟಿಗೆ ಚೂರು, ಸಿಮೆಂಟಿನ ಹೆಂಟೆಗಳ ಮೇಲೆ ಅತ್ತೆಯವರು ವರ್ಷಗಟ್ಟಲೆ ಎಲೆ ಹಾಸಿ, ಅಡುಗೆಮನೆಯ ಸಿಪ್ಪೆ ಹಾಕಿ, ಎರೆಹುಳುಗಳ ಕೈಕಾಲು ಹಿಡಿದು (ಅವುಗಳಿಗೆ ಕೈಕಾಲಿಲ್ಲದಿದ್ದರೂ) ಒಂದು ಗೇಣು ಮಣ್ಣು ಮಾಡಿದರು. ಆ ಗೇಣು ಮಣ್ಣನ್ನೇ ಬರುವ ಶನಿವಾರ ಯಂತ್ರ ತರಿಸಿ, ಕೆರೆಸಿ, ಲಾರಿಗೆ ತುಂಬಿಸುವ ಪುಣ್ಯಕಾರ್ಯವನ್ನು ತಾವು ವಹಿಸಿಕೊಂಡಿದ್ದೀರಿ.

ತಮ್ಮ ತನಿಖಾ ಕೌಶಲವನ್ನು ಹೊಗಳದೆ ಮುಂದೆ ಹೋದರೆ ನನ್ನ ಕೈ ಸೇದಿಹೋದೀತು. ಹೊದಿಕೆಯಿಂದ ಅಗಲವಾದ ಕೆಂಪೆಲೆಯೊಂದನ್ನು ಎರಡೇ ಬೆರಳಿನಲ್ಲಿ ಎತ್ತಿ, ಸತ್ತ ಇಲಿಯ ಹಾಗೆ ಎಲ್ಲರ ಮುಂದೆ ಹಿಡಿದು, "ಇಂಥ ಕಸ ನಮ್ಮ ಬೀದೀಲಿ ಇನ್ಯಾರ ಮನೇಲಾದ್ರೂ ಇದ್ಯಾ, ಹೇಳಿ ನೋಡೋಣ" ಎಂದು ಕೇಳಿದಿರಿ. ಎಲ್ಲರೂ ತಲೆಯೆತ್ತಿ ತಮ್ಮ ಕಾಂಪೌಂಡಿನ ಬಾದಾಮಿ ಮರವನ್ನು ನೋಡಿದರು. ಬೀದಿಗೆಲ್ಲ ಇರುವುದು ಅದೊಂದೇ ಬಾದಾಮಿ ಮರ. ಅಷ್ಟರಲ್ಲಿ ಅದು ಇನ್ನೊಂದು ಎಲೆಯನ್ನೂ ಉದುರಿಸಿತು. ಹಾಲು ಕೊಡಲು ಬಂದು ನಿಂತಿದ್ದ ಹಾಲಿನವನು ಮಾತ್ರ ತಡೆಯಲಾರದೆ, "ಸಾರ್, ನಿಮ್ದೇ ಮಾಲು" ಅಂದುಬಿಟ್ಟ. ಅವನನ್ನು ಕ್ಷಮಿಸಿ, ಅವನಿಗೆ ಸಮಿತಿಯಲ್ಲಿ ಕೂತ ಅನುಭವವಿಲ್ಲ.

ವಾರವಾರವೂ ತಾವು ಮೂಟೆ ಕಟ್ಟಿ ಹೊರಗಿಡುತ್ತಿದ್ದ ಎಲೆಗಳನ್ನು ಅತ್ತೆಯವರು ಕೇಳಿಯೇ ಒಯ್ದರು. "ಹೊತ್ಕೊಂಡ್ ಹೋಗಮ್ಮ, ಪೀಡೆ ಕಳೀತು" ಎಂದು ಹರಸಿ ಕಳಿಸಿದವರೂ ತಾವೇ. ತಮ್ಮ ಮರದ ಮೇಲಿದ್ದಾಗ ಶೋಭೆ, ತಮ್ಮ ಮೂಟೆಯಲ್ಲಿದ್ದಾಗ ಪೀಡೆ, ಬೀದಿ ದಾಟಿದರೆ ಅಪರಾಧ! ಒಂದೇ ಎಲೆಗೆ ಇಷ್ಟು ಬಡ್ತಿ ಕೊಡಿಸಿದ ಅಧ್ಯಕ್ಷರು ಬೇರೆಲ್ಲೂ ಇರಲಾರರು.

ಆದಕಾರಣ ನಮ್ಮ ಮನವಿಗಳು ಸಣ್ಣವು. ಕಸವನ್ನು ಅದರ ಒಡೆಯರಿಗೆ ಹಿಂದಿರುಗಿಸಲು ನಾವು ಸಿದ್ಧರಿದ್ದೇವೆ. ಆದರೆ ಅದರಲ್ಲಿ ಬಹುಪಾಲು ಈಗಾಗಲೇ ಟೊಮೇಟೊ, ಬದನೆ, ಸೊಪ್ಪು ಆಗಿಬಿಟ್ಟಿರುವುದರಿಂದ, ದಯವಿಟ್ಟು ತಾವೇ ಬಂದು ಒಂದು ಬದನೆಕಾಯಿಯಿಂದ ತಮ್ಮ ಎಲೆಯನ್ನು ಬಿಡಿಸಿಕೊಳ್ಳುವ ಕ್ರಮವನ್ನು ತೋರಿಸಿಕೊಡಬೇಕು. ಎರೆಹುಳುಗಳು ಶನಿವಾರಕ್ಕೆ ಮುಂಚೆ ಜಾಗ ಖಾಲಿ ಮಾಡುವಂತೆ ತಮ್ಮ ಬಾಯಿಂದಲೇ ಅಪ್ಪಣೆಯಾಗಬೇಕು, ನಮ್ಮ ಮಾತಿಗೆ ಅವು ಕಿವಿಗೊಡುವುದಿಲ್ಲ. ಇಷ್ಟೆಲ್ಲ ಮುಗಿದ ಮೇಲೆ ಬಿಡುವಾದರೆ ಯಾವುದಾದರೂ ಒಂದು ಕಾಡಿಗೆ ಹೋಗಿ ಅಲ್ಲಿಯೂ ಕಸ ಗುಡಿಸಿ ಬರಬೇಕು. ಪಾಪ, ಅದು ಹುಟ್ಟಿದಾಗಿನಿಂದ ಹಾಗೇ ಬಿದ್ದಿದೆ.

ಯಂತ್ರ ಖಂಡಿತ ಬರಲಿ. ಗೇಟು ತೆರೆದೇ ಇರುತ್ತದೆ. ಸೋಮವಾರ ಶಾಲೆ ಶುರುವಾಗುವುದರಿಂದ ಬೀದಿಯ ಮಕ್ಕಳ ಸಮವಸ್ತ್ರಗಳನ್ನು ಶನಿವಾರವೇ ಕೊಡುತ್ತೇನೆಂದು ಅತ್ತೆಯವರು ಹೇಳಿಬಿಟ್ಟಿದ್ದಾರೆ. ಮನೆಯೊಳಗೆ ಸೆಕೆಯಾದ್ದರಿಂದ ಅಂದು ಹೊಲಿಗೆ ಯಂತ್ರವನ್ನು ಪಪ್ಪಾಯಿ ಮರದ ಕೆಳಗೆ, ಸರಿಯಾಗಿ ತೋಟದ ನಡುವೆ ಹಾಕಿಕೊಂಡು ಕೂರುತ್ತಾರಂತೆ. ಬಟ್ಟೆಗೆ ಬಂದ ತಾಯಂದಿರೆಲ್ಲ ಸುತ್ತ ನಿಂತಿರುತ್ತಾರೆ. ತಮ್ಮ ಸೊಸೆಯೂ ಬರುತ್ತಾರೆ. ತಮ್ಮ ಮೊಮ್ಮಗನ ಚಡ್ಡಿಗೆ ಇನ್ನೂ ಒಂದು ಕಾಲು ಹೊಲಿಯುವುದು ಬಾಕಿಯಿದೆ. ಯಾರನ್ನು ಮೊದಲು ಅಲ್ಲಿಂದ ಸರಿಸಬೇಕೆಂದು ತಾವೇ ಮುಂದೆ ನಿಂತು ಚಾಲಕನಿಗೆ ಹೇಳಿಕೊಡಬೇಕಾಗಿ ವಿನಂತಿ.

ಎಲೆ ಉದುರುವಷ್ಟೂ ಕಾಲ,
ತಮ್ಮ ವಿಶ್ವಾಸಿ,
ದರ್ಜಿಯಮ್ಮನ ಸೋದರಳಿಯ

ತಾ.ಕ.: ಇಂದು ಬೆಳಿಗ್ಗೆ ತಮ್ಮ ಹಿಂಬದಿ ಮನೆಯವರ ಕುಂಬಳಬಳ್ಳಿಯೊಂದು ಗೋಡೆ ಹತ್ತಿ ತಮ್ಮ ಪ್ಲಾಸ್ಟಿಕ್ ಹುಲ್ಲಿಗೆ ಇಳಿದದ್ದನ್ನು ಮಹಡಿಯಿಂದ ಕಂಡೆ. ಗಾಬರಿಯಾಗಬೇಡಿ. ಆ ಹಳದಿ ವಸ್ತುವನ್ನು ಹೂವು ಎನ್ನುತ್ತಾರೆ.