ಮಂತ್ರ ತಟ್ಟದ ವೀರನ ಕೇಸು

ಗೊತ್ತಿಲ್ಲ ಎಂಬ ಮಾತು ನನ್ನ ಬಾಯಿಂದ ಸುಲಭಕ್ಕೆ ಹೊರಡುವುದಿಲ್ಲ. ಮಧುಗಿರಿ ಕೋರ್ಟಿನಲ್ಲಿ ವಕೀಲಿ ಮಾಡುವವನು ಹಾಗೆಲ್ಲ ಹೇಳುತ್ತಾ ಕೂತರೆ ಹೊಟ್ಟೆಪಾಡು ನಡೆದೀತೇ! ಗೊತ್ತಿಲ್ಲದ್ದು ಎದುರಾದರೆ ನಾವು ವಾಯಿದೆ ಕೇಳುತ್ತೇವೆ. ಈ ಅಭ್ಯಾಸವನ್ನು ನಾನು ಭಾನುವಾರದ ಆಟಕ್ಕೂ ತಂದದ್ದೇ ಎಡವಟ್ಟಾಯಿತು.

ಆಟವೆಂದರೆ ಇಸ್ಪೀಟಲ್ಲ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ಹೊಕ್ಕು ದಾಳ ಉರುಳಿಸುತ್ತಾರೆ. ತಕರಾರು ಬಂದರೆ ಕಥೆ ನಡೆಸುವವನದೇ ತೀರ್ಪು. ನಮ್ಮ ನಡುಮನೆಯಲ್ಲಿ ಆ ತೀರ್ಪುಗಾರ ನಾನು. ಬೇರೆ ಯಾರಿಗೂ ನಿಯಮದ ಪುಸ್ತಕ ಓದುವ ತಾಳ್ಮೆಯಿಲ್ಲ. ನನಗೂ ಇಲ್ಲ, ಅದು ಅವರಿಗೆ ಗೊತ್ತಿಲ್ಲ. ನನ್ನ ಹೆಂಡತಿ ಗಿರಿಜ ಆಟದಲ್ಲಿ ಮಂತ್ರದಿಂದ ಗಾಯ ವಾಸಿಮಾಡುವ ವೈದ್ಯೆ. ಬಡವನಹಳ್ಳಿಯಿಂದ ಬೈಕಿನಲ್ಲಿ ಬರುವ ನನ್ನ ಸಹಪಾಠಿ ರಂಗಪ್ಪ, ಮನೆಯಲ್ಲಿ ನಿಜವಾದ ಕುರಿಮಂದೆ ಇರುವವನು, ಆಟದಲ್ಲೂ ಕುರಿ ಕಾಯುವ ವೀರನೇ ಆಗಿದ್ದಾನೆ. ಆ ವೀರನ ಹೆಚ್ಚುಗಾರಿಕೆಯೆಂದರೆ ಯಾರ ಮಂತ್ರವೂ ಅವನಿಗೆ ತಟ್ಟುವುದಿಲ್ಲ. ರಂಗಪ್ಪನಿಗೆ ಅವನ ಮೇಲೆ ಪ್ರಾಣ.

ಒಂದು ಭಾನುವಾರ ನನ್ನ ಕಥೆಯ ಮಂತ್ರವಾದಿ ಎಬ್ಬಿಸಿದ ವಿಷದ ಹೊಗೆಗೆ ಆ ವೀರ ದೊಪ್ಪನೆ ಬಿದ್ದ. ಗಿರಿಜ ಕೂಡಲೇ ವಾಸಿಮಾಡುವ ಮಂತ್ರ ಹಾಕಿದಳು. ನಾನು ಕೈಯೆತ್ತಿ ತಡೆದೆ. ಮಂತ್ರ ತಟ್ಟದವನಿಗೆ ಒಳ್ಳೆಯ ಮಂತ್ರ ಮಾತ್ರ ಹೇಗೆ ತಟ್ಟೀತು?

"ನಾನೇ ಒಪ್ಕಂಡು ಹಾಕಿಸ್ಕಂತಾ ಇವ್ನಿ, ನಿಂದೇನ್ಲಾ?" ಎಂದ ರಂಗಪ್ಪ.

ಪ್ರಶ್ನೆ ಗಟ್ಟಿಯಾಗಿತ್ತು. ವಾಯಿದೆ ಹಾಕಿದೆ. ಮರುವಾರವೂ ಹಾಕಿದೆ. ಆಡುವಂತಿಲ್ಲದೆ ರಂಗಪ್ಪ ಮೂಲೆಯಲ್ಲಿ ಚಿತ್ರಾನ್ನ ತಿನ್ನುತ್ತಾ, "ಅವ್ನು ಸತ್ರೆ ನಾನು ಈ ಕಡೀಕೆ ತಲೆ ಹಾಕಲ್ಲ ಕಣ್ಲಾ" ಎಂದು ಮುಖ ಊದಿಸಿಕೊಂಡ. ಅವನಿಲ್ಲದ ಭಾನುವಾರ ನನಗೂ ಬೇಡ. ಆದರೂ ಕಾನೂನು ಕಾನೂನೇ ಎಂದು ಎದೆ ಗಟ್ಟಿಮಾಡಿಕೊಂಡು, ಎದ್ದು ನಿಂತು ತೀರ್ಪು ಕೊಟ್ಟೆ: "ಒಳ್ಳೆಯದಿರಲಿ, ಕೆಟ್ಟದ್ದಿರಲಿ, ಮಂತ್ರದಿಂದ ಆದದ್ದು ಯಾವುದೂ ಇವನಿಗೆ ತಟ್ಟುವುದಿಲ್ಲ. ಆದ್ದರಿಂದ ವೀರ ಸತ್ತ."

"ರೀ, ಆ ವಿಷದ ಹೊಗೆ ಎಲ್ಲಿಂದ ಬಂತು?" ಎಂದಳು ಗಿರಿಜ.

"ಮಂತ್ರವಾದಿ ಮಂತ್ರ ಹಾಕಿ ಎಬ್ಬಿಸಿದ್ದು" ಎಂದೆ ಗತ್ತಿನಿಂದ. ಹೇಳಿ ಮುಗಿಸುವಷ್ಟರಲ್ಲಿ ನನಗೇ ಹೊಳೆಯಿತು, ಹಾಗಾದರೆ ಹೊಗೆಯೂ ಮಂತ್ರದ್ದೇ!

"ಅಂಗಾದ್ರೆ ನಾನ್ಯಾಕ್ಲಾ ಇಷ್ಟು ದಿನ ಬಿದ್ಕಂಡಿದ್ದೆ?" ಎನ್ನುತ್ತಾ ರಂಗಪ್ಪ ಮೂಲೆಯಿಂದ ಎದ್ದು ಬಂದು ದಾಳ ಕಿತ್ತುಕೊಂಡ. ವೀರನ ಕೊಡಲಿಯ ಮೊದಲ ಏಟಿಗೇ ನನ್ನ ಮಂತ್ರವಾದಿ ಉರುಳಿದ. ನನ್ನ ತೀರ್ಪಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ ಎಂದು ಇಂದಿಗೂ ಎದೆ ತಟ್ಟಿ ಹೇಳುತ್ತೇನೆ. ವಾದವನ್ನು ಪೂರ್ತಿ ಗೆದ್ದು, ಅದೇ ವಾದದಿಂದ ತನ್ನ ಕಕ್ಷಿದಾರನಾದ ಮಂತ್ರವಾದಿಯನ್ನೇ ಸಾಯಿಸಿದ ವಕೀಲ ಮಾತ್ರ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.